ಅವರು ಬರ್ತಾರೆ, ಹೇಳಿಕೊಳ್ಳುವುದಿಲ್ಲ ಅಷ್ಟೇ

ಓದುಗರ ಪತ್ರ: "ಆರು ವರ್ಷದಿಂದ ಹಿರಿಯ ನಾಗರಿಕರ ಕೇಂದ್ರವೊಂದನ್ನು ನೋಡಿಕೊಳ್ಳುತ್ತಿದ್ದೇನೆ. ಕಳೆದ ಸಂಚಿಕೆಯಲ್ಲಿ ಎಲ್‌ಜಿಬಿಟಿ (ಸಲಿಂಗಿ, ದ್ವಿಲಿಂಗಿ, ಟ್ರಾನ್ಸ್‌ಜೆಂಡರ್) ಹಿರಿಯರ ಒಂಟಿತನದ ಬಗ್ಗೆ ಬರೆದಿದ್ದಿರಿ. ನಮ್ಮಲ್ಲಿ ಅಂಥವರು ಯಾರೂ ಬರುವುದಿಲ್ಲ. ಬಂದರೂ ನಾವು ಎಲ್ಲರನ್ನೂ ಒಂದೇ ರೀತಿ ನೋಡುತ್ತೇವೆ. ಎಪ್ಪತ್ತು ದಾಟಿದ ಮೇಲೆ ಈ ವಿಷಯವೆಲ್ಲ ಯಾಕೆ ಬೇಕು? ನಾವು ಬೇರೆ ಏನಾದರೂ ಮಾಡಬೇಕಾ? ಮಾಡಿದರೆ ಉಳಿದವರು ಬೇಸರಪಟ್ಟು ಬರುವುದನ್ನೇ ಬಿಟ್ಟರೆ?"

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. "ಏನಾದರೂ ಮಾಡಬೇಕಾ" ಅಂತ ಕೇಳಿದ್ದೀರಲ್ಲ, ಆ ಒಂದು ಪ್ರಶ್ನೆಗಾಗಿ ಇಷ್ಟು ಉದ್ದ ಬರೆಯುತ್ತಿದ್ದೇನೆ. ಕೇಳಬೇಕು ಅಂತ ನಿಮಗೆ ಅನ್ನಿಸಿತು. ಎಷ್ಟೋ ಕಡೆ ಅದೂ ಇಲ್ಲ.

ಆದರೆ "ಅಂಥವರು ಯಾರೂ ಬರುವುದಿಲ್ಲ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಆರು ವರ್ಷದಲ್ಲಿ ಬಂದೇ ಇರುತ್ತಾರೆ. ಕೆಲವರು ದಿನಾ ನಿಮ್ಮ ಹಾಲ್‌ನಲ್ಲಿ ಕೂತು ಪೇಪರ್ ಓದುತ್ತಿರಬಹುದು. ಕೆಲವರು ಒಂದೇ ದಿನ ಬಂದು, ಮತ್ತೆ ಕಾಣಿಸಿಕೊಳ್ಳದೆ ಹೋಗಿರಬಹುದು.

ನನಗೆ ಗೊತ್ತಿರುವ ಒಬ್ಬರ ಕಥೆ ಹೇಳುತ್ತೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವರಿಗೆ 74 ವರ್ಷ. ಮೂವತ್ತೊಂದು ವರ್ಷ ಜೊತೆಗೆ ಬಾಳಿದ ಗೆಳೆಯ ತೀರಿಕೊಂಡಿದ್ದರು. ಮನೆಯಲ್ಲಿ ಒಬ್ಬರೇ ಇರಲಾರದೆ ಒಂದು ಕೇಂದ್ರಕ್ಕೆ ಸೇರಲು ಹೊರಟರು. ಜೊತೆಗೆ ನಾನೂ ಹೋದೆ. ಮೇಜಿನ ಹಿಂದಿದ್ದ ಹುಡುಗಿ ಎದ್ದು ನಿಂತು ಕುರ್ಚಿ ಎಳೆದುಕೊಟ್ಟಳು, ನೀರು ತಂದಳು. ಫಾರಂ ಕೊಟ್ಟಳು. ಹೆಸರು, ವಯಸ್ಸು, ರಕ್ತದ ಗುಂಪು. ಆಮೇಲೆ "ಹೆಂಡತಿಯ ಹೆಸರು". ಅಲ್ಲಿ ಪೆನ್ನು ನಿಂತಿತು. "ಮದುವೆ ಆಗಲಿಲ್ವಾ ಸಾರ್, ಯಾಕೆ?" ಅಂತ ಹುಡುಗಿ ಕೇಳಿದಳು. ಮಾತು ಬೆಳೆಸೋಣ ಅಂತ ಕೇಳಿದ್ದು, ಕೆಟ್ಟ ಮನಸ್ಸಿನಿಂದಲ್ಲ. "ಕಾಲ ಕೂಡಿ ಬರಲಿಲ್ಲ ಕಣಮ್ಮಾ" ಅಂದರು. ಆ ಜಾಗದಲ್ಲಿ ಒಂದು ಗೀಟು ಎಳೆದರು.

ವಾಪಸ್ ಬರುವಾಗ "ಜಾಗ ಚೆನ್ನಾಗಿದೆ" ಅಂತಷ್ಟೇ ಹೇಳಿದರು. ಮತ್ತೆ ಹೋಗಲಿಲ್ಲ. ಎಷ್ಟೋ ದಿನದ ಮೇಲೆ ನನಗೊಂದು ವಿಷಯ ತಿಳಿಯಿತು. ಅಲ್ಲಿ ಗುರುವಾರ ಒಂದು ಗುಂಪು ಸೇರುತ್ತಿತ್ತು, "ಪತಿ ಅಥವಾ ಪತ್ನಿಯನ್ನು ಕಳೆದುಕೊಂಡವರಿಗಾಗಿ". ಅವರು ಹೋಗಿದ್ದೇ ಆ ಗುಂಪಿಗಾಗಿ. ಅದರ ಸಮಯವನ್ನು ಚೀಟಿಯಲ್ಲಿ ಬರೆದು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದರಂತೆ.

ಅಲ್ಲಿ ಅವರನ್ನು ಯಾರೂ ಅವಮಾನ ಮಾಡಲಿಲ್ಲ. ಎಲ್ಲರಿಗೂ ಕೊಡುವ ಫಾರಂ ಅವರಿಗೂ ಕೊಟ್ಟರು. ನೀವು ಹೇಳುವ "ಒಂದೇ ರೀತಿ" ಇದೇ ತಾನೆ? ಆದರೆ ಆ ಫಾರಂ ಒಂದೇ ಥರದ ಬದುಕನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಬೇರೆ ಥರ ಬದುಕಿದವರು ಅದನ್ನು ತುಂಬಬೇಕಾದರೆ ಸುಳ್ಳು ಬರೆಯಬೇಕು, ಇಲ್ಲವೇ ಗೀಟು ಎಳೆಯಬೇಕು.

ಬಾಯಿಬಿಟ್ಟು ಹೇಳಬಹುದಿತ್ತಲ್ಲ ಅಂತ ನಿಮಗೆ ಅನ್ನಿಸಬಹುದು. ಈ ವಯಸ್ಸಿನವರ ಹರೆಯ ಹೇಗಿತ್ತು ನೋಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗಂಡಸರ ನಡುವಿನ ಸಂಬಂಧ 1967ರವರೆಗೆ ಅಪರಾಧವಾಗಿತ್ತು. ಜರ್ಮನಿ ಇದನ್ನೇ ಅಪರಾಧ ಅನ್ನುತ್ತಿದ್ದ ತನ್ನ 175ನೇ ಕಲಮನ್ನು ಪೂರ್ತಿ ತೆಗೆದದ್ದು 1994ರಲ್ಲಿ. ಅಮೆರಿಕದಲ್ಲಿ ಉಳಿದಿದ್ದ ಇಂಥ ಕಾನೂನುಗಳನ್ನು ಅಲ್ಲಿನ ಸುಪ್ರೀಂ ಕೋರ್ಟ್ 2003ರಲ್ಲಿ ರದ್ದು ಮಾಡಿತು. ಭಾರತದಲ್ಲಿ ಅಂಥ ತೀರ್ಪು ಬಂದದ್ದು 2018ರ ಸೆಪ್ಟೆಂಬರ್ 6ರಂದು. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಪ್ರೇಮವನ್ನು ಕಾಯಿಲೆಗಳ ಪಟ್ಟಿಯಿಂದ ಕೈಬಿಟ್ಟದ್ದು 1990ರಲ್ಲಿ. 1950ರಲ್ಲಿ ಹುಟ್ಟಿದವರಿಗೆ ಆಗ ನಲವತ್ತು ವರ್ಷ. ಅಲ್ಲಿಯವರೆಗೆ ಆ ಪಟ್ಟಿಯ ಪ್ರಕಾರ ಅವರು ರೋಗಿಗಳು! ಕೆಲಸ ಹೋಗುತ್ತದೆ, ಮನೆ ಬಿಡಿಸುತ್ತಾರೆ, ಪೊಲೀಸರು ಬರುತ್ತಾರೆ ಅಂತ ಹೆದರಿಯೇ ಅರ್ಧ ಆಯಸ್ಸು ಕಳೆದಿದ್ದಾರೆ. ಏಡ್ಸ್‌ನ ಮೊದಲ ವರದಿ ಬಂದದ್ದು 1981ರಲ್ಲಿ, ಗಟ್ಟಿ ಚಿಕಿತ್ಸೆ ಸಿಕ್ಕಿದ್ದು 1996ರ ಹೊತ್ತಿಗೆ. ಆ ಹದಿನೈದು ವರ್ಷದಲ್ಲಿ ತಮ್ಮ ಗೆಳೆಯರ ಬಳಗವನ್ನೇ ಕಳೆದುಕೊಂಡವರು ಇವರಲ್ಲಿದ್ದಾರೆ.

ಹಾಗೆ ಬದುಕಿದವರಿಗೆ ಹೊಸ ಜಾಗದ ಬಾಗಿಲಲ್ಲೇ ಲೆಕ್ಕ ಶುರುವಾಗುತ್ತದೆ. ಇಲ್ಲಿ ನಾನು ಎಷ್ಟು ಹೇಳಬಹುದು, ಯಾರ ಮುಂದೆ ಹೇಳಬಾರದು ಅಂತ. ನೀವು ಏನೂ ಹೇಳದೆ ಸುಮ್ಮನಿದ್ದರೆ, ಅಪಾಯ ಇದೆ ಅಂತಲೇ ಅವರು ಓದಿಕೊಳ್ಳುತ್ತಾರೆ. ಬದುಕು ಅವರಿಗೆ ಕಲಿಸಿದ್ದು ಅದನ್ನೇ.

ಅದಕ್ಕೇ ನೀವು ಮೊದಲು ಮಾತಾಡಬೇಕು. ಫಾರಂನಿಂದಲೇ ಶುರು ಮಾಡಿ. "ಗಂಡ/ಹೆಂಡತಿ" ಇರುವ ಕಡೆ "ಸಂಗಾತಿ" ಅಂತ ಬರೆಯಿರಿ. "ಮಕ್ಕಳು ಎಷ್ಟು" ಅನ್ನುವ ಬದಲು "ನಿಮಗೆ ಹತ್ತಿರದವರು ಯಾರು, ತುರ್ತಿದ್ದರೆ ಯಾರಿಗೆ ಫೋನ್ ಮಾಡಬೇಕು" ಅಂತ ಕೇಳಿ. ಇವರಲ್ಲಿ ಎಷ್ಟೋ ಜನರಿಗೆ ಮಕ್ಕಳಿಲ್ಲ, ಒಡಹುಟ್ಟಿದವರು ದೂರ ಆಗಿದ್ದಾರೆ, ಕಷ್ಟಕ್ಕೆ ಆಗುವವರು ಹಳೆಯ ಸ್ನೇಹಿತರೇ. ಬರೆದದ್ದನ್ನು ಯಾರು ನೋಡುತ್ತಾರೆ ಅಂತ ಫಾರಂನಲ್ಲೇ ತಿಳಿಸಿ. ಇಷ್ಟವಿಲ್ಲದಿದ್ದರೆ ಖಾಲಿ ಬಿಡಬಹುದು ಅಂತಲೂ ಹೇಳಿ. ಗುರುವಾರದಂಥ ಗುಂಪು ನಿಮ್ಮಲ್ಲೂ ಇದ್ದರೆ "ಸಂಗಾತಿಯನ್ನು ಕಳೆದುಕೊಂಡವರಿಗಾಗಿ" ಅಂತ ಬೋರ್ಡ್ ಬದಲಾಯಿಸಿ. ಒಂದೇ ಪದ ಸಾರ್, ಖರ್ಚೇನೂ ಇಲ್ಲ.

ಟ್ರಾನ್ಸ್‌ಜೆಂಡರ್ ಹಿರಿಯರ ಕಷ್ಟ ಸ್ವಲ್ಪ ಬೇರೆ. ಹಳೆಯ ದಾಖಲೆಯಲ್ಲಿ ಒಂದು ಹೆಸರು, ಬದುಕಿದ್ದು ಇನ್ನೊಂದು ಹೆಸರಿನಲ್ಲಿ. ಆರೋಗ್ಯ ತಪಾಸಣೆಯ ದಿನ ತುಂಬಿದ ಹಾಲ್‌ನಲ್ಲಿ ದಾಖಲೆಯ ಹೆಸರನ್ನು ಗಟ್ಟಿಯಾಗಿ ಕೂಗಿದರೆ ಮುಗಿಯಿತು. ಅವರು ಎದ್ದು ಬಂದರೆ ಎಲ್ಲರಿಗೂ ಗೊತ್ತಾಗುತ್ತದೆ, ಏಳದಿದ್ದರೆ ತಪಾಸಣೆ ತಪ್ಪುತ್ತದೆ. "ನಿಮ್ಮನ್ನು ಏನಂತ ಕರೆಯಲಿ?" ಅಂತ ಮೊದಲ ದಿನವೇ ಕೇಳಿ, ಆ ಹೆಸರನ್ನೇ ಪಟ್ಟಿಯಲ್ಲಿ ಹಾಕಿಕೊಳ್ಳಿ. ಯಾರು ಬೇಕಾದರೂ ಬಳಸುವಂಥ, ಒಳಗಿನಿಂದ ಚಿಲಕ ಹಾಕಿಕೊಳ್ಳುವ ಒಂದು ಶೌಚಾಲಯವೂ ಇರಲಿ. ಅದಿಲ್ಲದೆ ಇಡೀ ದಿನ ನೀರು ಕುಡಿಯದೆ ಕೂರುವವರಿದ್ದಾರೆ.

ಇವರಿಗೂ ಇಲ್ಲಿ ಸ್ವಾಗತ ಅನ್ನುವ ಗುರುತಾಗಿ ಗೋಡೆಗೆ ಕಾಮನಬಿಲ್ಲಿನ ಚಿತ್ರ ಅಂಟಿಸಬೇಕಾ ಅಂದರೆ, ಅಂಟಿಸಿ, ಆದರೆ ಸಿಬ್ಬಂದಿಗೆ ಹೇಳಿಕೊಟ್ಟ ಮೇಲೆ. ಚಿತ್ರ ನಂಬಿ ಒಬ್ಬರು ಮನಸ್ಸು ಬಿಚ್ಚಿದಾಗ ಎದುರಿನವರು ಮುಖ ಗಂಟು ಹಾಕಿಕೊಂಡರೆ, ಆ ಗಾಯ ಜಾಸ್ತಿ ಆಳ. ವ್ಯಾನ್ ಓಡಿಸುವವರು, ಅಡುಗೆಯವರು, ಕಾವಲಿನವರು, ಎಲ್ಲರಿಗೂ ಹೇಳಿಕೊಡಿ. ಮುಖ್ಯವಾಗಿ ಇದು: ಒಬ್ಬರು ನಿಮ್ಮನ್ನು ನಂಬಿ ಹೇಳಿದ್ದು ನಿಮ್ಮಲ್ಲೇ ಇರಬೇಕು. "ಒಳ್ಳೆಯದಕ್ಕೇ ಹೇಳಿದೆ" ಅಂತಲೂ ಇನ್ನೊಬ್ಬರ ಕಿವಿಗೆ ಹಾಕಬಾರದು. ಹೇಳಿಕೊಳ್ಳಲು ಇಷ್ಟವಿಲ್ಲದವರನ್ನು ಕೆದಕಲೂ ಬಾರದು.

ಇನ್ನು ಉಳಿದವರ ಬೇಸರ. ಒಂದಿಬ್ಬರು ಗೊಣಗಬಹುದು, ಇಲ್ಲ ಅನ್ನುವುದಿಲ್ಲ. ಇಲ್ಲಿ ಯಾರನ್ನೂ ಜಾತಿ, ಧರ್ಮ ಹಿಡಿದು ಹೀಯಾಳಿಸುವಂತಿಲ್ಲ ಅಂತ ನಿಮ್ಮಲ್ಲಿ ನಿಯಮ ಇದ್ದೇ ಇರುತ್ತದೆ. ಅದೇ ಸಾಲಿಗೆ ಲೈಂಗಿಕತೆ, ಲಿಂಗ ಗುರುತು ಅಂತ ಎರಡು ಮಾತು ಸೇರಿಸಿ, ಎಲ್ಲರಿಗೂ ಕಾಣುವ ಕಡೆ ಹಾಕಿ. ಯಾರಾದರೂ ಚುಚ್ಚಿ ಮಾತಾಡಿದರೆ ಅಲ್ಲೇ, ಆಗಲೇ, ಸಿಬ್ಬಂದಿ "ಇಲ್ಲಿ ಹಾಗೆ ಮಾತಾಡುವಂತಿಲ್ಲ" ಅನ್ನಬೇಕು. ನೋಯಿಸಿಕೊಂಡವರೇ ಎದ್ದು ಉತ್ತರ ಕೊಡಬೇಕಾದ ಗತಿ ಬರಬಾರದು.

"ಎಪ್ಪತ್ತರ ಮೇಲೆ ಯಾಕೆ" ಅಂದಿರಿ. ಆಗಲೇ ಜಾಸ್ತಿ ಬೇಕು. ಕೈಕಾಲು ಸೋತಾಗ ಸ್ನಾನ ಮಾಡಿಸಲು, ಬಟ್ಟೆ ಹಾಕಲು ಪರರ ಕೈ ಬೇಕು, ಮುಚ್ಚಿಡಲು ಬಾಗಿಲೇ ಇರುವುದಿಲ್ಲ. ಮರೆವಿನ ಕಾಯಿಲೆ ಬಂದವರಿಗೆ ಗುಟ್ಟು ಯಾರಿಗೆ ಹೇಳಿದ್ದೆ, ಯಾರಿಗೆ ಹೇಳಿಲ್ಲ ಅನ್ನುವುದೂ ಮರೆತುಹೋಗುತ್ತದೆ. ಬರ್ಲಿನ್‌ನಲ್ಲಿ 2012ರಲ್ಲಿ ಶುರುವಾದ 'ಲೇಬೆನ್ಸ್‌ಓರ್ಟ್ ಫೀಲ್‌ಫಾಲ್ಟ್' ಎಂಬ ವಸತಿಯಲ್ಲಿ ಮರೆವಿನ ಕಾಯಿಲೆಯ ಸಲಿಂಗಿ ಗಂಡಸರಿಗೆ ಆರೈಕೆಯ ಮನೆಯನ್ನೂ ಮಾಡಿದ್ದಾರೆ. ನ್ಯೂಯಾರ್ಕ್‌ನಲ್ಲಿ ಎಲ್‌ಜಿಬಿಟಿ ಹಿರಿಯರಿಗಾಗಿಯೇ 'ಸೇಜ್' ಸಂಸ್ಥೆ ಹುಟ್ಟಿದ್ದು 1978ರಲ್ಲಿ. ಅಂಥದ್ದನ್ನೇ ನೀವೂ ಕಟ್ಟಿ ಅಂತ ಹೇಳುತ್ತಿಲ್ಲ. ಹೆಚ್ಚಿನವರಿಗೆ ಮನೆ ಹತ್ತಿರ ಇರುವುದು ನಿಮ್ಮಂಥ ಸಾಮಾನ್ಯ ಕೇಂದ್ರವೇ ಅಲ್ವಾ? ಅಲ್ಲಿಯೇ ಅವರಿಗೂ ಜಾಗ ಇರಲಿ ಅಂತ ಕೇಳುತ್ತಿದ್ದೇನೆ.

ನಿಮ್ಮ ಫಾರಂನ ಒಂದು ಪ್ರತಿಯನ್ನು ನನಗೆ ಕಳಿಸಿಕೊಡಿ. ಆ ನನ್ನ ಹಿರಿಯ ಗೆಳೆಯರ ಜೊತೆ ಕೂತು ತಿದ್ದಿ ವಾಪಸ್ ಕಳಿಸುತ್ತೇನೆ. ಅವರನ್ನು ಕೇಳಿದ್ದೇನೆ, ಆಗಲಿ ಅಂದಿದ್ದಾರೆ.