ಚಿಂಚಿಲಾ ರಾತ್ರಿ ಬೊಗಳುವುದು ಯಾಕೆ, ಹಲ್ಲು ಕಡಿಯುವುದು ಯಾಕೆ?

ನೀವು ಕೇಳಿದ್ದು ಎರಡು ವಿಷಯ. ಮನೆಗೆ ತಂದು ಮೂರು ತಿಂಗಳಾದ ಚಿಂಚಿಲಾ (ಇಲಿ ಜಾತಿಯ, ದಟ್ಟ ಕೂದಲಿನ ಸಣ್ಣ ಸಾಕುಪ್ರಾಣಿ) ರಾತ್ರಿ ಎರಡು ಗಂಟೆಗೆ ನಾಯಿಮರಿ ಹಾಗೆ ಬೊಗಳುತ್ತದೆ, ಇದು ಸಿಟ್ಟಾ ಭಯವಾ? ಇನ್ನೊಂದು, ಆಗಾಗ ಹಲ್ಲು ಕಡಿಯುವ ಸದ್ದು ಬರುತ್ತದೆ, ಕಾಯಿಲೆ ಏನಾದರೂ ಇರಬಹುದಾ? ನಾನಿರುವುದು ಮಡಿಕೇರಿ ಹತ್ತಿರ, ತೋಟದ ಮನೆ. ಎರಡು ಹೆಣ್ಣು ಚಿಂಚಿಲಾ ಸಾಕಿ ಆರು ವರ್ಷವಾಯಿತು, ಒಂದರ ಹೆಸರು ಮುತ್ತು, ಇನ್ನೊಂದು ಬೂದಿ. ಬೊಗಳುವುದಕ್ಕೆ ನೀವು ಹೆದರಬೇಡಿ. ಹಲ್ಲಿನ ಸದ್ದನ್ನು ಮಾತ್ರ ಇವತ್ತೇ ಕೂತು ಗಮನಿಸಿ.

ಆ ಬೊಗಳು ಸಿಟ್ಟಲ್ಲ, ಎಚ್ಚರಿಕೆ. ಕ್ಯಾಕ್ ಕ್ಯಾಕ್ ಕ್ಯಾಕ್ ಎಂದು ಒಂದೇ ಸಮನೆ ಬರುತ್ತದೆ, ಒತ್ತಿದರೆ ಕೀ ಎನ್ನುವ ಮಕ್ಕಳ ಆಟದ ಸಾಮಾನಿನ ಹಾಗೆ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಚಿಂಚಿಲಾ ಮೂಲತಃ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲಿನ ಪ್ರಾಣಿ. ಬಂಡೆಗಳ ಸಂದಿಯಲ್ಲಿ ಗುಂಪಾಗಿ ಬದುಕುತ್ತದೆ. ಅಲ್ಲಿ ನರಿ, ಗೂಬೆ ಕಾಟ. ಒಂದು ಕೂಗಿದರೆ ಉಳಿದವೆಲ್ಲ ಸಂದಿಗೆ ನುಗ್ಗಬೇಕು. ನಿಮ್ಮ ಮನೆಯಲ್ಲಿ ಅದಕ್ಕೆ ಗುಂಪು ಅಂದರೆ ನೀವೇ, ನಿಮಗೇ ಹೇಳುತ್ತಿದೆ. ನಮ್ಮಲ್ಲಿ ಕಾಫಿ ಹಣ್ಣಾಗುವ ಸಮಯಕ್ಕೆ ಪ್ರತಿ ವರ್ಷ ಈ ಕೂಗು ಜಾಸ್ತಿ ಆಗುತ್ತಿತ್ತು. ಯಾಕೆ ಅಂತ ಎರಡು ವರ್ಷ ಗೊತ್ತಾಗಲಿಲ್ಲ. ಒಂದು ರಾತ್ರಿ ಟಾರ್ಚ್ ಹಿಡಿದು ಹೊರಗೆ ಹೋಗಿ ನೋಡಿದರೆ ಕಾಫಿ ಹಣ್ಣಿಗೆ ಬಂದ ಪುನುಗು ಬೆಕ್ಕು ಹೆಂಚಿನ ಮೇಲೆ ಓಡಾಡುತ್ತಿತ್ತು. ನಮಗೆ ಯಾರಿಗೂ ಕೇಳಿಸದ ಹೆಜ್ಜೆ ಸದ್ದು ಒಳಗಿದ್ದ ಮುತ್ತುಗೆ ಕೇಳಿಸಿತ್ತು.

ಹಾಗಾಗಿ ಬೊಗಳಿದಾಗ ಹತ್ತಿರ ಹೋಗಿ, ಮೆಲ್ಲಗೆ ಮಾತಾಡಿ. ಟ್ಯೂಬ್‌ಲೈಟ್ ಫಕ್ಕನೆ ಹಾಕಬೇಡಿ. ಎತ್ತಿಕೊಳ್ಳಲು ಹೋಗಲೇಬೇಡಿ, ಹೆದರಿದಾಗ ಗಟ್ಟಿಯಾಗಿ ಹಿಡಿದರೆ ಒಂದು ಹಿಡಿ ಕೂದಲು ಕಿತ್ತು ನಿಮ್ಮ ಕೈಗೆ ಬಂದುಬಿಡುತ್ತದೆ, ಕಾಡಿನಲ್ಲಿ ತಪ್ಪಿಸಿಕೊಳ್ಳಲು ಅದಕ್ಕಿರುವ ಉಪಾಯ ಅದು. ಒಂದು ನಿಮಿಷ ನಿಮ್ಮ ದನಿ ಕೇಳಿದರೆ ಸಾಕು, ಸುಮ್ಮನಾಗುತ್ತದೆ. ನಿದ್ದೆಯಲ್ಲಿದ್ದು ಎಚ್ಚರವಾಗಿಯೂ ಕೂಗುತ್ತವೆ, ಆಗ ಹೊರಗೆ ಏನೂ ಇರುವುದಿಲ್ಲ. ಒಂದು ಮಾತು, ನಮಗೆ ಕೇಳುವ ಶಬ್ದಗಳನ್ನೇ ಹೆಚ್ಚುಕಡಿಮೆ ಅವಕ್ಕೂ ಕೇಳುವುದರಿಂದ ಕಿವಿಯ ಸಂಶೋಧನೆಗೆ ಚಿಂಚಿಲಾಗಳನ್ನು ತುಂಬಾ ಬಳಸಿದ್ದಾರೆ. ಅಂಥ ಕಿವಿ ಇರುವ ಪ್ರಾಣಿಯ ಗೂಡನ್ನು ಅಡುಗೆಮನೆ ಗೋಡೆಗೆ ಒತ್ತಿ ಇಟ್ಟರೆ, ಬೆಳಿಗ್ಗೆ ಅದು ಮಲಗುವ ಹೊತ್ತಿಗೆ ಮಿಕ್ಸಿ, ಕುಕ್ಕರ್ ಸೀಟಿ ಶುರುವಾಗುತ್ತದೆ. ಗೂಡಿನ ಜಾಗ ಬದಲಿಸಿ ನೋಡಿ.

ಬೇರೆ ಸದ್ದುಗಳೂ ಇವೆ. ಬಾಯಿ ಮುಚ್ಚಿಕೊಂಡೇ ಉಂ ಉಂ ಎಂದು ಮೆತ್ತಗೆ ಗುನುಗುವುದು ಜೊತೆಯವರನ್ನು ಕರೆಯುವ ದನಿ. ಮುತ್ತು, ಬೂದಿ ಬೇರೆ ಬೇರೆ ಕೋಣೆಯಲ್ಲಿದ್ದರೆ ಹೀಗೆ ಮಾತಾಡಿಕೊಳ್ಳುತ್ತವೆ. ಬೂದಿ ಅವ್ವನ ಸೀರೆ ಸೆರಗಿನೊಳಗೆ ಮೂತಿ ಹಾಕಿ ಇದೇ ದನಿ ತೆಗೆಯುತ್ತದೆ, ಅದನ್ನು ಕೇಳಿದರೆ ಮನಸ್ಸಿಗೆ ಎಷ್ಟು ಖುಷಿ ಗೊತ್ತಾ. ಸಿಟ್ಟು ಬಂದರೆ ಕೆಕ್ ಎಂದು ಕೆಮ್ಮಿದ ಹಾಗೆ ಗದರುತ್ತವೆ. ಹೆಣ್ಣಾದರೆ ಹಿಂಗಾಲ ಮೇಲೆ ನಿಂತು ಉಚ್ಚೆ ಚಿಮ್ಮಿಸುವುದೂ ಉಂಟು. ಅಂದರೆ ಬಿಟ್ಟುಬಿಡು ಅಂತ, ಬಿಟ್ಟುಬಿಡಿ. ಕಿವಿ ಸೀಳುವ ಹಾಗೆ ಕಿರುಚಿದರೆ ಕಾಲು ಎಲ್ಲೋ ಸಿಕ್ಕಿಕೊಂಡಿದೆಯಾ ನೋಡಿ. ನೆಲದಲ್ಲಿ ತಂತಿ ಜಾಲರಿ ಇರುವ ಗೂಡಿನಲ್ಲಿ ಇದು ಆಗುತ್ತದೆ.

ಈಗ ಹಲ್ಲು. ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ಒಂದೇ ಸದ್ದಿಗೆ ಮೂರು ಅರ್ಥ. ಗಲ್ಲದ ಕೆಳಗೆ ಕೆರೆದಾಗ ಕಣ್ಣು ಅರ್ಧ ಮುಚ್ಚಿ ಕಿರಿಕಿರಿ ಎಂದು ಸಣ್ಣಗೆ ಹಲ್ಲು ಉಜ್ಜಿದರೆ ಅದಕ್ಕೆ ಹಿತವಾಗಿದೆ. ಮೈ ಹಿಂದಕ್ಕೆಳೆದು ಕಟ ಕಟ ಎಂದು ಜೋರಾಗಿ ಕಡಿದರೆ ದೂರ ಇರು ಎನ್ನುತ್ತಿದೆ. ಯಾರೂ ಮುಟ್ಟದೆ, ಮೂಲೆಯಲ್ಲಿ ಬೆನ್ನು ಗೂನು ಮಾಡಿ ಕೂತು ನಿಧಾನವಾಗಿ ಕಡಿಯುತ್ತಿದ್ದರೆ ಅದು ನೋವು. ನಿಮ್ಮದು ಈ ಮೂರರಲ್ಲಿ ಯಾವುದು ಅಂತ ಕಿವಿಗೆ ಗೊತ್ತಾಗುವುದಿಲ್ಲ, ಮೈ ನೋಡಬೇಕು.

ಬೂದಿಗೆ ಮೂರನೆಯದೇ ಆಗಿತ್ತು. ನಾವು ಖುಷಿಯಲ್ಲಿದೆ ಅಂದುಕೊಂಡೆವು. ಹತ್ತು ದಿನವಾದ ಮೇಲೆ ಒಂದು ಸಂಜೆ ಎತ್ತಿಕೊಂಡಾಗ ಗಲ್ಲದ ಕೂದಲು ಒದ್ದೆಯಾಗಿ ಎಳೆ ಎಳೆಯಾಗಿ ಅಂಟಿಕೊಂಡಿತ್ತು, ಮುಂಗಾಲಿನ ಒಳಬದಿಯೂ ಹಾಗೇ. ಜೊಲ್ಲು. ಅಂಗಡಿಯಲ್ಲಿ ಸಿಗುವ ಕಾಳು (ಪೆಲೆಟ್) ಬಾಯಿಗೆ ಹಾಕುತ್ತಿತ್ತು, ಎರಡು ಸಲ ಅಗಿದು ಬೀಳಿಸುತ್ತಿತ್ತು, ಬಾಯಿ ಒರೆಸಿಕೊಳ್ಳುತ್ತಿತ್ತು. ಅಡುಗೆಮನೆ ತಕ್ಕಡಿಯಲ್ಲಿ ಇಟ್ಟರೆ 540 ಗ್ರಾಂ ಇದ್ದದ್ದು 470ಕ್ಕೆ ಇಳಿದಿತ್ತು. ಇಲ್ಲಿನ ಡಾಕ್ಟರಿಗೆ ತೋರಿಸಿದಾಗ ಮುಂದಿನ ಹಲ್ಲು ನೋಡಿ ಚೆನ್ನಾಗಿದೆ ಅಂದರು. ನಿಜ, ಮುಂದಿನ ಹಲ್ಲು ಚೆನ್ನಾಗಿಯೇ ಇತ್ತು, ಕಿತ್ತಳೆ ಬಣ್ಣ, ಅದು ಇರಬೇಕಾದ ಬಣ್ಣವೇ. ಆದರೆ ಇವಕ್ಕೆ ಎಲ್ಲಾ ಹಲ್ಲೂ ಸಾಯುವವರೆಗೆ ಬೆಳೆಯುತ್ತಲೇ ಇರುತ್ತವೆ, ದವಡೆ ಹಲ್ಲೂ ಕೂಡ. ಮೈಸೂರಿಗೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರ್ ಅರಿವಳಿಕೆ ಕೊಟ್ಟು ಬಾಯೊಳಗೆ ಬೆಳಕು ಬಿಟ್ಟು ನೋಡಿದಾಗ ದವಡೆ ಹಲ್ಲಿನ ಅಂಚು ಮುಳ್ಳಿನ ಹಾಗೆ ಬೆಳೆದು ನಾಲಗೆಗೆ ಚುಚ್ಚುತ್ತಿತ್ತು. ಸವೆಸಿ ಸರಿ ಮಾಡಿದರು. ನಾವು ಹುಲ್ಲು ಕಡಿಮೆ, ಅಂಗಡಿ ಕಾಳು ಜಾಸ್ತಿ ಹಾಕುತ್ತಿದ್ದೆವು. ಒಣಹುಲ್ಲನ್ನು ದಿನವಿಡೀ ಅಗಿದರೇ ಹಲ್ಲು ಸವೆಯುವುದು. ದಯವಿಟ್ಟು ತಿಮೋಥಿ ಎಂಬ ಜಾತಿಯ ಒಣಹುಲ್ಲು ಯಾವಾಗಲೂ ಗೂಡಿನಲ್ಲಿ ಇರಲಿ.

ನೀವು ವಿರಾಜಪೇಟೆಯವರು ಅಂದಿರಲ್ಲ, ಮಳೆಗಾಲದ ಸದ್ದನ್ನೂ ಹೇಳಿಬಿಡುತ್ತೇನೆ. ಜೂನ್‌ನಿಂದ ನಮ್ಮಲ್ಲಿ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಇದರ ಕೂದಲು ಎಷ್ಟು ದಟ್ಟ ಅಂದರೆ ತೇವ ಹೊಕ್ಕರೆ ಬೇಗ ಒಣಗುವುದೇ ಇಲ್ಲ. ಮೈ ಶುಚಿಗೆಂದು ಇಡುವ ನುಣ್ಣನೆ ಪುಡಿಯಲ್ಲಿ ಹೊರಳಿದ ಮೇಲೆ ಒಂದೆರಡು ಸೀನು ಬಂದರೆ ಸಹಜ. ಆದರೆ ಉಸಿರಾಡುವಾಗ ಗೊರ ಗೊರ, ಸುಯ್ ಅಂತ ಬಂದರೆ, ಮೂಗು ಒದ್ದೆಯಾಗಿದ್ದರೆ ಕಾಯಬೇಡಿ. ಹುಲ್ಲಿಗೆ ಬೂಷ್ಟು ಬಂದಿದೆಯಾ ದಿನಾ ಮೂಸಿ ನೋಡಿ. ಕೋಣೆ ಬೆಚ್ಚಗೆ ಮಾಡುತ್ತೇನೆ ಎಂದು ಒಲೆ ಪಕ್ಕ ಇಡಬೇಡಿ, 25 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ, ಬೆವರುವುದಿಲ್ಲ ಅದು.

ನನಗೆ ಎಲ್ಲಕ್ಕಿಂತ ಭಯ ಸದ್ದೇ ಇಲ್ಲದಿದ್ದಾಗ. ಒಂದು ಪುತ್ತರಿಯ (ನಮ್ಮ ಕೊಡಗಿನ ಸುಗ್ಗಿ ಹಬ್ಬ) ರಾತ್ರಿ, ಪೊಲಿ ಪೊಲಿ ದೇವಾ ಎನ್ನುತ್ತಾ ಕದಿರು ತೆಗೆಯಲು ಎಲ್ಲರೂ ಗದ್ದೆಗೆ ಹೋಗಿದ್ದೆವು. ಗುಂಡು ಹಾರಿತು, ಪಟಾಕಿ ಹೊಡೆದರು. ಮನೆಗೆ ಬಂದರೆ ಮುತ್ತು ಬೊಗಳುತ್ತಿರಲಿಲ್ಲ. ಗೂಡಿನ ಮೂಲೆಯಲ್ಲಿ ಕಲ್ಲಿನ ಹಾಗೆ ಕೂತಿತ್ತು, ಕಿವಿ ಹಿಂದಕ್ಕೆ ಒತ್ತಿಕೊಂಡಿತ್ತು. ಬೆಳಿಗ್ಗೆಯವರೆಗೂ ಹುಲ್ಲು ಮುಟ್ಟಲಿಲ್ಲ, ಹಿಕ್ಕೆ ಅಕ್ಕಿಕಾಳಿಗಿಂತ ಸಣ್ಣದಾಗಿತ್ತು. ಒಂದು ದಿನ ಪೂರ್ತಿ ತಿನ್ನದಿದ್ದರೆ ಇವುಗಳ ಕರುಳು ನಿಂತುಹೋಗುವ ಅಪಾಯ ಇದೆ, ಹಾಗಾಗಿ ಮಧ್ಯಾಹ್ನವೇ ಡಾಕ್ಟರಿಗೆ ಫೋನ್ ಮಾಡಿ ಅವರು ಹೇಳಿದ ಹಾಗೆ ಹುಲ್ಲಿನ ಪುಡಿ ನೀರಲ್ಲಿ ಕಲಸಿ ಸಿರಿಂಜಿನಲ್ಲಿ ಸ್ವಲ್ಪ ಸ್ವಲ್ಪವೇ ತಿನ್ನಿಸಿದೆವು. ಸಂಜೆಗೆ ತಾನೇ ಹುಲ್ಲಿಗೆ ಬಾಯಿ ಹಾಕಿತು. ಈಗ ಪುತ್ತರಿ ದಿನ ಯಾರಾದರೊಬ್ಬರು ಮನೆಯಲ್ಲೇ ಉಳಿಯುತ್ತೇವೆ.

ಇವತ್ತು ರಾತ್ರಿ ಹೀಗೆ ಮಾಡಿ. ಗಲ್ಲದ ಕೆಳಗೆ ಬೆರಳಾಡಿಸಿ, ಒದ್ದೆ ಇದೆಯಾ ನೋಡಿ. ತೂಕ ಬರೆದಿಡಿ, ಇನ್ನು ಮೇಲೆ ವಾರಕ್ಕೊಮ್ಮೆ ಅದೇ ಹೊತ್ತಿಗೆ ತೂಗಿ. ಹಲ್ಲಿನ ಸದ್ದು ಬಂದಾಗ ಫೋನಿನಲ್ಲಿ ವಿಡಿಯೋ ಮಾಡಿ, ಬರೀ ಶಬ್ದ ಬೇಡ, ಅದು ಹೇಗೆ ಕೂತಿದೆ ಅಂತ ಕಾಣಬೇಕು. ಗಲ್ಲ ಒದ್ದೆ ಇದ್ದರೆ ನನ್ನ ಉತ್ತರಕ್ಕೆ ಕಾಯಬೇಡಿ, ಆ ವಿಡಿಯೋ ಹಿಡಿದು ಸಣ್ಣ ಪ್ರಾಣಿಗಳ ಹಲ್ಲು ನೋಡಿ ಗೊತ್ತಿರುವ ಡಾಕ್ಟರ್ ಹತ್ತಿರ ನಾಳೆಯೇ ಹೊರಡಿ. ಒಣಗಿದ್ದರೆ ತೂಕ ಎಷ್ಟು ಬಂತು ಅಂತ ಇಲ್ಲೇ ಕೆಳಗೆ ಬರೆಯಿರಿ, ನೋಡಿ ಹೇಳುತ್ತೇನೆ.