ಟೆಸ್ಲಾ ಕಾಯಿಲ್‌ಗೆ ಡಿಸಿ ಪೂರೈಕೆ: ಮೊದಲು ಚೋಕ್, ಆಮೇಲೆ ಟ್ರಾನ್ಸ್‌ಫಾರ್ಮರ್

ಪ್ರಶ್ನೆ: ಎಸಿ ಟ್ರಾನ್ಸ್‌ಫಾರ್ಮರಿನಿಂದ ಸಣ್ಣ ಟೆಸ್ಲಾ ಕಾಯಿಲ್ (ಅತಿ ಹೆಚ್ಚು ವೋಲ್ಟೇಜಿನ ಕಿಡಿ ಹುಟ್ಟಿಸುವ ಸುರುಳಿ ಸಾಧನ) ನಡೆಸಿದ್ದೇವೆ. ಈಗ ಕಾಲೇಜಿನ ಪ್ರಯೋಗಾಲಯದಲ್ಲಿ ಡಿಸಿ ಪೂರೈಕೆಯ 4 ಕಿಲೋವಾಟ್ ಕಾಯಿಲ್ ಕಟ್ಟುವ ಯೋಚನೆಯಿದೆ. ಇದರಿಂದ ಲಾಭವೇನು? ಎಲ್ಲಿ ಎಚ್ಚರ ಬೇಕು?
– ಎಂಜಿನಿಯರಿಂಗ್ ವಿದ್ಯಾರ್ಥಿ, ಸುರತ್ಕಲ್

ಉತ್ತರ: ಎಸಿಯಲ್ಲಿ ಕಿಡಿಯ ಲಯವು ಮೆಸ್ಕಾಂ ಪೂರೈಸುವ 50 ಹರ್ಟ್ಸ್‌ಗೆ ಕಟ್ಟುಬಿದ್ದಿರುತ್ತದೆ, ಡಿಸಿಯಲ್ಲಿ ಅದನ್ನು ರೋಟರಿ ಗ್ಯಾಪ್‌ನ (ತಿರುಗುವ ಕಿಡಿ ಅಂತರದ) ವೇಗದಿಂದ ನೀವೇ ನಿರ್ಧರಿಸಬಹುದು. ಇದಕ್ಕಿಂತ ದೊಡ್ಡ ಲಾಭವೆಂದರೆ ಅನುರಣನ ಚಾರ್ಜಿಂಗ್. ಡಿಸಿಯನ್ನು ಸಮಗೊಳಿಸುವ ಫಿಲ್ಟರ್ ಕೆಪಾಸಿಟರಿಗೂ ಕಿಡಿಗೆ ಶಕ್ತಿ ಒದಗಿಸುವ ಟ್ಯಾಂಕ್ ಕೆಪಾಸಿಟರಿಗೂ ನಡುವೆ ಚೋಕ್ (ಕರೆಂಟಿನ ಹಠಾತ್ ಬದಲಾವಣೆಯನ್ನು ತಡೆಯುವ ಸುರುಳಿ) ಮತ್ತು ಡಯೋಡ್ ಇಟ್ಟರೆ, ಟ್ಯಾಂಕ್ ಕೆಪಾಸಿಟರ್ ಪೂರೈಕೆಯ ವೋಲ್ಟೇಜಿನ ಹೆಚ್ಚುಕಡಿಮೆ ಇಮ್ಮಡಿಗೆ ಏರುತ್ತದೆ, ಮತ್ತು ಗ್ಯಾಪಿನಲ್ಲಿ ಕಿಡಿ ಹಾರುವವರೆಗೆ ಡಯೋಡ್ ಆ ಚಾರ್ಜನ್ನು ಹಿಂದಕ್ಕೆ ಹರಿಯಗೊಡುವುದಿಲ್ಲ.

ನಿಮ್ಮ ಗುರಿಗೆ ಲೆಕ್ಕ ಹಾಕೋಣ. ಪೂರೈಕೆ 10 ಕಿಲೋವೋಲ್ಟ್, ಟ್ಯಾಂಕ್ 0.1 ಮೈಕ್ರೋಫ್ಯಾರಡ್ ಆದರೆ, ಟ್ಯಾಂಕ್ 20 ಕಿಲೋವೋಲ್ಟಿಗೆ ಏರುವುದರಿಂದ ಪ್ರತಿ ಕಿಡಿಗೆ ಸುಮಾರು 20 ಜೂಲ್ ಸಿಗುತ್ತದೆ. ಸೆಕೆಂಡಿಗೆ 200 ಕಿಡಿಗಳಾದರೆ 4 ಕಿಲೋವಾಟ್. ಚೋಕ್ 10 ಹೆನ್ರಿ ಇದ್ದರೆ ಚಾರ್ಜಿಂಗ್ 3.1 ಮಿಲಿಸೆಕೆಂಡಿನಲ್ಲಿ ಮುಗಿಯುವುದರಿಂದ, ಎರಡು ಕಿಡಿಗಳ ನಡುವಿನ 5 ಮಿಲಿಸೆಕೆಂಡು ಧಾರಾಳವಾಯಿತು. ಆದರೆ ಚೋಕಿನಲ್ಲಿ ಗರಿಷ್ಠ ಸುಮಾರು 1 ಆಂಪಿಯರ್ ಹರಿಯುತ್ತದೆ. ಅಷ್ಟಕ್ಕೆ ಕೋರ್ ಸ್ಯಾಚುರೇಟ್ ಆಗದಂತೆ (ಕಾಂತತ್ವದ ಮಿತಿ ಮುಟ್ಟದಂತೆ) ಗಾಳಿಯ ಅಂತರ ಬಿಟ್ಟು, ಸುರುಳಿಯನ್ನು ಹಲವು ಭಾಗಗಳಾಗಿ ಸುತ್ತಿ ಸರಣಿಯಲ್ಲಿ ಜೋಡಿಸಬೇಕು. ಅದಕ್ಕೇ ಚೋಕಿನ ವಿನ್ಯಾಸ ಮೊದಲು ಮುಗಿಯಲಿ ಎನ್ನುತ್ತೇನೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಉಪ್ಪು ಬೆರೆತ ತೇವವು ನಿರೋಧಕಗಳ ಮೇಲ್ಮೈಯಲ್ಲೇ ಸೋರಿಕೆಗೆ ದಾರಿ ಮಾಡಿಕೊಡುವುದರಿಂದ, ಚೋಕನ್ನು ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಮುಳುಗಿಸಿಡುವುದು ಲೇಸು.

ಎಸಿಯಲ್ಲಿ ಕರೆಂಟು ಸೆಕೆಂಡಿಗೆ 100 ಬಾರಿ ಸೊನ್ನೆಗೆ ಇಳಿಯುವಾಗ ಗ್ಯಾಪಿನ ಆರ್ಕ್ (ನಿಲ್ಲದೆ ಉರಿಯುವ ಕಿಡಿ) ಆರಲು ಅವಕಾಶವಿರುತ್ತದೆ. ಡಿಸಿಯಲ್ಲಿ ಆ ಅವಕಾಶವಿಲ್ಲ. ಗ್ಯಾಪ್ ಒಮ್ಮೆ ಆರದೆ ಉಳಿದರೆ ಪೂರೈಕೆಯ ಕರೆಂಟು ಚೋಕಿನ ಮೂಲಕ ಏರುತ್ತಲೇ ಹೋಗಿ ಡಯೋಡನ್ನೋ ಸುರುಳಿಯನ್ನೋ ಸುಡುತ್ತದೆ. ಆದ್ದರಿಂದ ಓವರ್‌ಕರೆಂಟ್ ಟ್ರಿಪ್ (ಕರೆಂಟು ಮಿತಿಮೀರಿದರೆ ಪೂರೈಕೆ ಕಡಿಯುವ ಸಾಧನ) ಕಡ್ಡಾಯ.

ಕಾಯಿಲ್‌ನ ಸೆಕೆಂಡರಿಯ (ಹೆಚ್ಚು ಸುತ್ತುಗಳ ಸುರುಳಿಯ) ಬುಡಕ್ಕೆ ಕಟ್ಟಡದ ಅರ್ಥಿಂಗ್ ಬಳಸಬೇಡಿ, ಪ್ರತ್ಯೇಕ ಅರ್ಥ್ ಮಾಡಿ. ಬೇಸಿಗೆಯಲ್ಲಿ ಒಣಗಿದ ಮುರಕಲ್ಲಿನ ನೆಲ ಚೆನ್ನಾಗಿ ಅರ್ಥ್ ಕೊಡದು, ತೇವ ಉಳಿಯುವ ಜಾಗವನ್ನೇ ಹುಡುಕಿ.

ಪ್ರಾಣಕ್ಕೆ ಎರವಾಗುವುದು ಫಿಲ್ಟರ್ ಕೆಪಾಸಿಟರ್. 10 ಕಿಲೋವೋಲ್ಟಿನಲ್ಲಿ 5 ಮೈಕ್ರೋಫ್ಯಾರಡ್ ಎಂದರೆ 250 ಜೂಲ್. ಇಡೀ ವೋಲ್ಟೇಜನ್ನು ತಡೆಯಬಲ್ಲ 2 ಮೆಗಾಓಮ್‌ನ ಬ್ಲೀಡರ್ (ಚಾರ್ಜನ್ನು ಬಸಿದುಬಿಡುವ ರೆಸಿಸ್ಟರ್) ಸರಣಿಯನ್ನು ಕಾಯಂ ಜೋಡಿಸಿದರೂ ಕೆಪಾಸಿಟರ್ 50 ವೋಲ್ಟಿಗೆ ಇಳಿಯಲು ಹತ್ತಿರಹತ್ತಿರ ಒಂದು ನಿಮಿಷ ಬೇಕು, ಮತ್ತು ಬ್ಲೀಡರ್ ಕಡಿದುಹೋದರೆ ಹೊರಗಿನಿಂದ ಏನೂ ತಿಳಿಯುವುದಿಲ್ಲ. ಅನುಭವಿ ಶಿಕ್ಷಕರ ಎದುರಿನಲ್ಲೇ ಕೆಲಸ ಮಾಡಿ. ಸ್ವಿಚ್ ಆರಿಸಿ ಕಾದ ಮೇಲೆ ಅರ್ಥಿಂಗ್ ಕೋಲನ್ನು (ಅರ್ಥ್‌ಗೆ ಜೋಡಿಸಿದ, ನಿರೋಧಕ ಹಿಡಿಯ ಕೋಲು) ಎರಡೂ ಕೆಪಾಸಿಟರುಗಳಿಗೆ ಮುಟ್ಟಿಸಿ, ಕೈಕೆಲಸ ಮುಗಿಯುವವರೆಗೂ ಅಲ್ಲೇ ಸಿಕ್ಕಿಸಿಡಿ.