ಗಣಕ ಪ್ರಶ್ನೋತ್ತರ: ಬಾಲಕನ ಮುಖ ಅಜ್ಜನ ಮುಖವಾಗುವ ಬಗೆ

ಪ್ರಶ್ನೆ: ನಮ್ಮ ಅಜ್ಜನವರ ಸಹಸ್ರ ಚಂದ್ರ ದರ್ಶನ ಶಾಂತಿ ಮುಂದಿನ ತಿಂಗಳು ಇದೆ. ಹತ್ತು ವರ್ಷದ ಬಾಲಕನಾಗಿದ್ದಾಗಿನಿಂದ ಇಂದಿನವರೆಗಿನ ಅವರ ಏಳು ಭಾವಚಿತ್ರಗಳು ಮನೆಯಲ್ಲಿವೆ. ಒಂದು ಮುಖ ಮೆಲ್ಲನೆ ಮುಂದಿನ ಮುಖವಾಗಿ ಬದಲಾಗುವ ಚಿಕ್ಕ ವಿಡಿಯೊ ಮಾಡಿ ಬಂದ ನೆಂಟರಿಗೆ ತೋರಿಸಬೇಕೆಂಬ ಆಸೆ ನನ್ನದು. ಇದಕ್ಕೆ ಹಣ ಕೊಡದೆ ಸಿಗುವ ತಂತ್ರಾಂಶ ಯಾವುದು? ನನ್ನಲ್ಲಿ ವಿಂಡೋಸ್ ಲ್ಯಾಪ್‌ಟಾಪ್ ಇದೆ. ಉಚಿತವೆಂದು ಇಳಿಸಿಕೊಂಡ ಒಂದು ತಂತ್ರಾಂಶ, ಕೆಲಸವೆಲ್ಲ ಮುಗಿದ ಮೇಲೆ ಅಜ್ಜನ ಹಣೆಯ ಮೇಲೆಯೇ ತನ್ನ ಹೆಸರನ್ನು ಅಚ್ಚೊತ್ತಿಬಿಟ್ಟಿತು.
(ಓದುಗರೊಬ್ಬರು, ಸಾಗರ)

ಉತ್ತರ: ಹಣೆಯ ಮೇಲೆ ಹೆಸರು ಬರೆದದ್ದು ಮಾರಾಟದ ತಂತ್ರಾಂಶವೊಂದರ ಪ್ರಯೋಗ ಆವೃತ್ತಿ ಇರಬೇಕು. ಈ ಕೆಲಸಕ್ಕೆ ಹೆಸರಾದ ಫ್ಯಾಂಟಾಮಾರ್ಫ್ ಕೂಡ ಹಣ ಕೊಟ್ಟು ಕೊಳ್ಳಬೇಕಾದದ್ದೇ. ನಿಮ್ಮ ಅಗತ್ಯಕ್ಕೆ ನಾನು ಸೂಚಿಸುವುದು ಸ್ಕ್ವಿರ್ಲ್ಜ್ ಮಾರ್ಫ್ ಎಂಬ ವಿಂಡೋಸ್ ತಂತ್ರಾಂಶವನ್ನು. ಇದು ಉಚಿತ, ಚಿತ್ರದ ಮೇಲೆ ಹೆಸರು ಒತ್ತುವುದಿಲ್ಲ. ಹುಡುಕುವಾಗ ಕಾಗುಣಿತದ ಕಡೆ ಗಮನವಿರಲಿ: ಇಂಗ್ಲಿಷಿನಲ್ಲಿ ಎಸ್, ಕ್ಯೂ, ಐ, ಆರ್, ಎಲ್, ಝಡ್ ಎಂದಷ್ಟೇ ಬರೆಯಬೇಕು, ಅಳಿಲಿನ ಸರಿಯಾದ ಸ್ಪೆಲ್ಲಿಂಗ್ ಬರೆದರೆ ಅಳಿಲಿನ ಚಿತ್ರಗಳೇ ಸಿಗುತ್ತವೆ. ಇದನ್ನು ತಯಾರಿಸಿದ ಕ್ಸೈಬರ್‌ಪಿಕ್ಸ್‌ನ ಸ್ವಂತ ಪುಟದಿಂದಲೇ ಇಳಿಸಿಕೊಳ್ಳಿ. ನೂರೆಂಟು ತಂತ್ರಾಂಶಗಳನ್ನು ಒಂದೆಡೆ ಪೇರಿಸಿಡುವ ತಾಣಗಳಲ್ಲಿ ಕಣ್ಣಿಗೆ ರಾಚುವ ದೊಡ್ಡ ಹಸಿರು ಗುಂಡಿ ಬಹಳ ಸಲ ಜಾಹೀರಾತಾಗಿರುತ್ತದೆ.

ತಂತ್ರಾಂಶ ಸಿಕ್ಕಿದರೆ ಕೆಲಸದ ಸಣ್ಣ ಪಾಲಷ್ಟೇ ಮುಗಿದಂತೆ, ಉಳಿದದ್ದೆಲ್ಲ ಚುಕ್ಕಿ ಇಡುವುದರಲ್ಲಿದೆ. ಬಾಲಕನ ಚಿತ್ರದಲ್ಲಿ ಎಡಗಣ್ಣಿನ ಹೊರತುದಿಗೆ ಒಂದು ಚುಕ್ಕಿ ಇಟ್ಟರೆ ಅದರ ಜೋಡಿ ಚುಕ್ಕಿಯನ್ನು ತರುಣನ ಚಿತ್ರದಲ್ಲಿಯೂ ಎಡಗಣ್ಣಿನ ಹೊರತುದಿಗೇ ಎಳೆದು ಕೂರಿಸಬೇಕು. ಮೊದಲ ಚಿತ್ರದಲ್ಲಿ ಆ ಚುಕ್ಕಿ ಅಂಚಿನಿಂದ 120ನೇ ಬಿಂದುವಿನಲ್ಲಿಯೂ ಎರಡನೆಯದರಲ್ಲಿ 160ರಲ್ಲಿಯೂ ಇದ್ದರೆ, ಕಾಲುಭಾಗ ದಾರಿಯಲ್ಲಿ ಅದನ್ನು 130ಕ್ಕೂ ಅರ್ಧದಾರಿಯಲ್ಲಿ 140ಕ್ಕೂ ಗಣಕ ಸರಿಸುತ್ತದೆ. ಸುತ್ತಲಿನ ಚರ್ಮ, ರೆಪ್ಪೆ, ಹುಬ್ಬುಗಳನ್ನು ಚುಕ್ಕಿಯೊಂದಿಗೆ ರಬ್ಬರಿನಂತೆ ಎಳೆಯುತ್ತದೆ. ಹೀಗೆ ಎರಡೂ ಮುಖಗಳನ್ನು ಒಂದೇ ಆಕಾರಕ್ಕೆ ತಂದ ಮೇಲೆ ಒಂದರ ಬಣ್ಣವನ್ನು ತಗ್ಗಿಸುತ್ತಾ ಇನ್ನೊಂದರ ಬಣ್ಣವನ್ನು ಏರಿಸುತ್ತದೆ. ಆಕಾರ ಎಳೆಯುವುದು, ಬಣ್ಣ ಬೆರೆಸುವುದು ಎಂಬ ಈ ಎರಡು ಕೆಲಸಗಳು ಸೇರಿದ್ದೇ ಮಾರ್ಫಿಂಗ್. ಕಣ್ಣು ಎಲ್ಲಿದೆ, ತುಟಿ ಎಲ್ಲಿದೆ ಎಂಬುದು ಇಂಥ ತಂತ್ರಾಂಶಕ್ಕೆ ತಾನಾಗಿ ತಿಳಿಯದು. ಅಂಗಳದ ರಂಗೋಲಿಯಲ್ಲಿ ಒಂದು ಚುಕ್ಕಿ ಸಾಲು ತಪ್ಪಿದರೆ ಎಳೆ ಎಷ್ಟೇ ನಯವಾಗಿದ್ದರೂ ಕೊನೆಯಲ್ಲಿ ಕೂಡುವುದಿಲ್ಲವಲ್ಲ, ಇದೂ ಹಾಗೆಯೇ.

ಒಂದು ಮುಖಕ್ಕೆ ಸುಮಾರು ನಲವತ್ತು ಚುಕ್ಕಿಗಳು ಸಾಕು. ನಾನು ಇಡುವ ಲೆಕ್ಕ ಹೀಗಿದೆ: ಒಂದೊಂದು ಕಣ್ಣಿಗೆ ಎರಡು ತುದಿ, ಮೇಲಿನ ಮತ್ತು ಕೆಳಗಿನ ರೆಪ್ಪೆ, ನಡುವಿನ ಪಾಪೆ ಎಂದು ಐದು; ಒಂದೊಂದು ಹುಬ್ಬಿಗೆ ಮೂರು; ಮೂಗಿಗೆ ನಾಲ್ಕು; ಬಾಯಿಗೆ ನಾಲ್ಕು; ಕೆನ್ನೆಯಿಂದ ಗಲ್ಲದ ಮೂಲಕ ಇನ್ನೊಂದು ಕೆನ್ನೆಯವರೆಗೆ ಒಂಬತ್ತು; ಒಂದೊಂದು ಕಿವಿಗೆ ಎರಡು; ಹಣೆಯ ಮೇಲಿನ ಕೂದಲಂಚಿಗೆ ಮೂರು. ಕೂಡಿದರೆ ಸರಿಯಾಗಿ ನಲವತ್ತಾಗುತ್ತದೆ. ಹೆಚ್ಚು ಇಟ್ಟರೆ ಹೆಚ್ಚು ಚೆಂದವಾಗುತ್ತದೆ ಎಂದೇನೂ ಇಲ್ಲ. ಒತ್ತೊತ್ತಾಗಿ ಇಟ್ಟ ಚುಕ್ಕಿಗಳು ಎರಡನೆಯ ಚಿತ್ರದಲ್ಲಿ ಒಂದರ ಜಾಗವನ್ನು ಇನ್ನೊಂದು ದಾಟಿಬಿಟ್ಟರೆ ಅಲ್ಲಿನ ಚರ್ಮ ಬಟ್ಟೆಯಂತೆ ಮಡಚಿಕೊಳ್ಳುತ್ತದೆ. ಮೊದಲ ಜೋಡಿ ಮುಗಿದ ಕೂಡಲೇ ಇಡೀ ವಿಡಿಯೊ ತಯಾರಿಸಲು ಹೊರಡದೆ, ಸರಿಯಾಗಿ ನಡುಮಧ್ಯದ ಒಂದು ಚಿತ್ರವನ್ನು ಮಾತ್ರ ನೋಡಿ. ಅದು ನಿಜವಾದ ಒಬ್ಬ ಮನುಷ್ಯನ ಮುಖದಂತೆ ಕಂಡರೆ ಚುಕ್ಕಿಗಳು ಸರಿಯಿವೆ. ಕಿವಿ ನಾಲ್ಕಾಗಿ ಕಂಡರೆ ಕಿವಿಯ ಚುಕ್ಕಿಗಳತ್ತ ಹಿಂದಿರುಗಿ.

ಚುಕ್ಕಿಗೂ ಮೊದಲು ಚಿತ್ರಗಳನ್ನು ಹದಗೊಳಿಸಬೇಕು. ಹಳೆಯ ಪಾಸ್‌ಪೋರ್ಟ್ ಅಳತೆಯ ಫೋಟೊಗಳನ್ನು 600 ಡಿಪಿಐಯಲ್ಲಿ, ಅಂದರೆ ಇಂಚಿಗೆ 600 ಬಿಂದುಗಳಂತೆ, ಸ್ಕ್ಯಾನ್ ಮಾಡಿಸಿ. 35 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಎತ್ತರದ ಫೋಟೊ ಆಗ ಸುಮಾರು 827 ಮತ್ತು 1063 ಪಿಕ್ಸೆಲ್‌ಗಳ ಚಿತ್ರವಾಗುತ್ತದೆ. ಅದನ್ನೂ ಉಳಿದ ಆರನ್ನೂ ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ 800 ಮತ್ತು 1000 ಪಿಕ್ಸೆಲ್‌ಗಳಿಗೆ ಕತ್ತರಿಸಿ, ಎರಡು ಪಾಪೆಗಳು ಏಳೂ ಚಿತ್ರಗಳಲ್ಲಿ ಒಂದೇ ಜಾಗದಲ್ಲಿ ಬರುವಂತೆ ತಿರುಗಿಸಿ, ಹಿಗ್ಗಿಸಿ, ಕುಗ್ಗಿಸಿ ಹೊಂದಿಸಿಕೊಳ್ಳಿ. ವಯಸ್ಸಾದಂತೆ ಮುಖದ ಕೆಳಭಾಗ ಹೆಚ್ಚು ಬೆಳೆಯುವುದರಿಂದ, ಕಣ್ಣುಗಳನ್ನು ನೆಲೆಗೊಳಿಸಿದರೆ ಗಲ್ಲ ಕೆಳಗಿಳಿಯುತ್ತಾ ಹೋಗುವುದು ಕಾಣುತ್ತದೆ. ಬಾಲಕ ದೊಡ್ಡವನಾಗುತ್ತಿದ್ದಾನೆ ಎಂಬ ಭಾವನೆ ನೋಡುವವರಿಗೆ ಬರುವುದು ಮುಖ್ಯವಾಗಿ ಅದರಿಂದಲೇ. ಪಕ್ಕಕ್ಕೆ ತಿರುಗಿದ ಮುಖವಿದ್ದರೆ ಅದನ್ನು ಕೈಬಿಡಿ. ಕಾಣದ ಕಿವಿಗೆ ಚುಕ್ಕಿ ಇಡಲಾಗುವುದಿಲ್ಲ.

ಮೀಸೆ, ಕನ್ನಡಕ, ಮದುವೆಯ ಫೋಟೊದ ಪೇಟ ಇವು ತೊಂದರೆ ಕೊಡುವ ವಸ್ತುಗಳು. ಒಂದು ಚಿತ್ರದಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ವಸ್ತುವಿಗೆ ಚುಕ್ಕಿಯನ್ನೇ ಇಡಬೇಡಿ. ಮೀಸೆಯ ಕೆಳಗಿನ ಮೇಲ್ದುಟಿಗೆ ಎರಡೂ ಕಡೆ ಚುಕ್ಕಿ ಇಟ್ಟರೆ ಮೀಸೆ ಇದ್ದಲ್ಲಿಯೇ ತಿಳಿಯಾಗಿ ಮೂಡುತ್ತದೆ. ಪೇಟಕ್ಕೆ ಮಾತ್ರ ಬೇರೆ ಉಪಾಯ ಬೇಕು, ಅದರ ಹೊರ ಅಂಚನ್ನು ಮುಂದಿನ ಚಿತ್ರದ ಕೂದಲಿನ ಹೊರ ಅಂಚಿಗೆ ಜೋಡಿಸಿ.

ಕೊನೆಗೆ ಉಳಿಸುವ ವಿಚಾರ. ಈ ತಂತ್ರಾಂಶ ಫ್ಲ್ಯಾಶ್ ಕಡತವನ್ನೂ ಮಾಡಿಕೊಡುತ್ತದೆ, ಆದರೆ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ಗೆ ಬೆಂಬಲ ನಿಂತುಹೋಗಿರುವುದರಿಂದ ಅದನ್ನು ಆರಿಸಬೇಡಿ. ಎವಿಐ ಎಂಬ ಬಗೆಯ ವಿಡಿಯೊ ಕಡತವಾಗಿ ಉಳಿಸಿ. ಸಂಕುಚಿಸದ ಎವಿಐಯಲ್ಲಿ ಮೇಲಿನ ಅಳತೆಯ ಒಂದು ಚಿತ್ರಕ್ಕೆ 2.4 ಎಂಬಿ ಬೇಕು. ಸೆಕೆಂಡಿಗೆ 25 ಚಿತ್ರಗಳಂತೆ ಮೂರು ಸೆಕೆಂಡಿನ ಬದಲಾವಣೆಗೆ 75 ಚಿತ್ರ, ಅಂದರೆ 180 ಎಂಬಿ. ಇದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಂತೆ ಚಿಕ್ಕದಾಗಿಸಲು ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಎಂಪಿ4 ಮಾಡಿಕೊಳ್ಳಿ. ಹಾಡು ಸೇರಿಸಲು ವಿಡಿಯೊ ಜೋಡಿಸುವ ತಂತ್ರಾಂಶವಾದ ಶಾಟ್‌ಕಟ್ ಸಾಕು. ಏಳು ಮುಖಗಳ ನಡುವೆ ಆರು ಬದಲಾವಣೆಗಳು, ತಲಾ ಮೂರು ಸೆಕೆಂಡು. ಪ್ರತಿ ಮುಖವೂ ಎರಡು ಸೆಕೆಂಡು ಅಲುಗದೆ ನಿಲ್ಲಲಿ. ಒಟ್ಟು 32 ಸೆಕೆಂಡು. ಆ ಎರಡು ಸೆಕೆಂಡಿನ ನಿಲುಗಡೆಯನ್ನು ಕಡಿತಗೊಳಿಸಲು ಹೋಗಬೇಡಿ, ‘ಇದು ಮದುವೆಯ ಹೊತ್ತಿನದು’ ಎಂದು ಅಜ್ಜಿ ಹೇಳುವುದಕ್ಕೆ ಸಮಯ ಬೇಕಲ್ಲ.

ಪ್ರಶ್ನೆ: ನಾನು ಲಿನಕ್ಸ್ ಬಳಸುತ್ತೇನೆ. ಚಿತ್ರಗಳನ್ನು ಮಾರ್ಪಡಿಸುವ ಇಮೇಜ್‌ಮ್ಯಾಜಿಕ್ ತಂತ್ರಾಂಶದಲ್ಲಿ ಮಾರ್ಫ್ ಎಂಬ ಆಯ್ಕೆಯೇ ಇದೆ. ಆದರೆ ಅದು ಕೊಟ್ಟ ನಡುವಿನ ಚಿತ್ರಗಳಲ್ಲೆಲ್ಲ ನಾಲ್ಕು ಕಣ್ಣು, ಎರಡು ಬಾಯಿ. ನನ್ನ ತಪ್ಪೇನು?
(ಓದುಗರೊಬ್ಬರು, ಧಾರವಾಡ)

ಉತ್ತರ: ತಪ್ಪು ನಿಮ್ಮದಲ್ಲ, ಹೆಸರಿನದು. ಆ ಆಯ್ಕೆ ಎರಡು ಚಿತ್ರಗಳ ಅಳತೆಯನ್ನು ಹೊಂದಿಸಿ ಬಣ್ಣವನ್ನು ಬೆರೆಸುತ್ತದೆ, ಆಕಾರವನ್ನು ಎಳೆಯುವುದಿಲ್ಲ. ಒಂದೇ ಜಾಗದಲ್ಲಿ ಕ್ಯಾಮೆರಾ ನಿಲ್ಲಿಸಿ ಬೇಸಿಗೆಯಲ್ಲೊಮ್ಮೆ ಮಳೆಗಾಲದಲ್ಲೊಮ್ಮೆ ತೆಗೆದ ಕೆರೆಯ ಎರಡು ಫೋಟೊಗಳಿಗೆ ಅಷ್ಟೇ ಸಾಕು, ಮುಖಗಳಿಗೆ ಸಾಲದು.

ಲಿನಕ್ಸ್‌ನಲ್ಲಿ ಇದಕ್ಕೆಂದೇ ಇರುವ ಹಳಬ ಎಕ್ಸ್‌ಮಾರ್ಫ್. ಮೈಕಲ್ ಗೌರ್ಲೆ ಬರೆದ ಇದು ಜಿಪಿಎಲ್ ಪರವಾನಗಿಯಡಿ ಇರುವ ಮುಕ್ತ ತಂತ್ರಾಂಶ. ಇದರಲ್ಲಿ ಬಿಡಿ ಚುಕ್ಕಿಗಳ ಬದಲು ಮೀನಿನ ಬಲೆಯಂಥ ಜಾಲವೊಂದನ್ನು ಚಿತ್ರದ ಮೇಲೆ ಹಾಸಿ, ಅದರ ಗಂಟುಗಳನ್ನು ಕಣ್ಣು ಮೂಗುಗಳಿಗೆ ಎಳೆದು ಕೂರಿಸಬೇಕು. ಕಲಿಯಲು ತಾಳ್ಮೆ ಬೇಡುತ್ತದೆ. 1992ರಲ್ಲಿ ಥಾಡಿಯಸ್ ಬೈಯರ್ ಮತ್ತು ಶಾನ್ ನೀಲಿ ಪ್ರಕಟಿಸಿದ, ಚುಕ್ಕಿಗೂ ಜಾಲಕ್ಕೂ ಬದಲು ಗೆರೆಗಳನ್ನು ಜೋಡಿಸುವ ಇನ್ನೊಂದು ವಿಧಾನವೂ ಉಂಟು. ನೀವು ಗಿಂಪ್ ಬಳಸುವವರಾದರೆ, ಫ್ರಾನ್ಸಿನ ಕಾನ್ ನಗರದ ಗ್ರೇಕ್ ಪ್ರಯೋಗಾಲಯದಲ್ಲಿ ಹುಟ್ಟಿದ ಜಿಮಿಕ್ ಎಂಬ ಉಚಿತ ಜೋಡಣೆಯನ್ನು ಮೊದಲು ಪ್ರಯತ್ನಿಸಿ. ಅದರಲ್ಲಿ ಪದರಗಳ ನಡುವಿನ ಹೋಲಿಕೆಯನ್ನು ತಾನೇ ಹುಡುಕಿಕೊಳ್ಳುವ ಮಾರ್ಫ್ ಒಂದು, ನಿಮ್ಮಿಂದ ಚುಕ್ಕಿ ಇಡಿಸಿಕೊಳ್ಳುವ ಮಾರ್ಫ್ ಇನ್ನೊಂದು. ಮುಖಗಳಿಗೆ ಎರಡನೆಯದೇ ಸರಿ.

ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಬಲ್ಲವರಾದರೆ, ಡಿಲಿಬ್ ಎಂಬ ಸಿದ್ಧ ಕೋಡಿನ ಗ್ರಂಥಾಲಯ ಮುಖದ 68 ಚುಕ್ಕಿಗಳನ್ನು ತಾನೇ ಗುರುತಿಸಿಕೊಡುತ್ತದೆ. ಚಿತ್ರದ ನಾಲ್ಕು ಮೂಲೆ ಮತ್ತು ನಾಲ್ಕು ಅಂಚುಗಳ ಮಧ್ಯಬಿಂದುಗಳನ್ನು ನೀವು ಸೇರಿಸಿದರೆ 76 ಆಗುತ್ತದೆ. ಓಪನ್‌ಸಿವಿ ಎಂಬ ಇನ್ನೊಂದು ಗ್ರಂಥಾಲಯ ಇವನ್ನು ಡೆಲೊನೆ ವಿಧಾನದಿಂದ ತ್ರಿಕೋನಗಳಾಗಿ ಹೆಣೆದು, ಒಂದೊಂದು ತ್ರಿಕೋನವನ್ನೂ ಎಳೆದು ಬೆರೆಸುತ್ತದೆ. ಹಣೆಯ ಮೇಲ್ಭಾಗಕ್ಕೂ ಕಿವಿಗೂ ಆ 68ರಲ್ಲಿ ಚುಕ್ಕಿಯೇ ಇಲ್ಲವೆಂಬುದನ್ನು ಮರೆಯಬೇಡಿ. ಬಕ್ಕತಲೆಯವರ ಚಿತ್ರವಾದರೆ ಅವನ್ನು ಕೈಯಿಂದಲೇ ಸೇರಿಸಬೇಕಾಗುತ್ತದೆ.

ಪ್ರಶ್ನೆ: ತಂತ್ರಾಂಶವನ್ನು ಇಳಿಸಿಕೊಳ್ಳದೆಯೇ ಜಾಲತಾಣಗಳಲ್ಲಿ ಮಾರ್ಫ್ ಮಾಡಬಹುದಂತೆ. ಆದರೆ ಪತ್ರಿಕೆಗಳಲ್ಲಿ ಮಾರ್ಫಿಂಗ್ ಎಂದರೆ ಅಪರಾಧದ ಸುದ್ದಿಯೇ ಆಗಿರುತ್ತದೆ. ಇದನ್ನು ಮಾಡುವುದು ಕಾನೂನಿಗೆ ವಿರುದ್ಧವೇ?
(ಓದುಗರೊಬ್ಬರು, ಮೈಸೂರು)

ಉತ್ತರ: ಸುದ್ದಿಯಲ್ಲಿ ಓದುವ ಮಾರ್ಫಿಂಗ್ ಎಂದರೆ ಒಬ್ಬರ ಮುಖವನ್ನು ಬೇರೆ ಚಿತ್ರಕ್ಕೆ ಅಂಟಿಸಿ ಮಾನಹಾನಿ ಮಾಡುವ, ಬೆದರಿಸುವ ಕೆಲಸ. ಅಶ್ಲೀಲ ಚಿತ್ರವನ್ನು ಹಾಗೆ ಹರಡುವುದು 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಮಿನಡಿ ಅಪರಾಧ. ನಿಮ್ಮ ಮನೆಯವರ ಒಪ್ಪಿಗೆಯಿಂದ ಅವರದೇ ಚಿತ್ರಗಳ ವಿಡಿಯೊ ಮಾಡುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಜಾಲತಾಣಗಳನ್ನು ಮಾತ್ರ ನಾನು ಸೂಚಿಸುವುದಿಲ್ಲ. ಅಲ್ಲಿಗೆ ಏರಿಸಿದ ಮುಖ ಇನ್ನೊಬ್ಬರ ಗಣಕದಲ್ಲಿ ಉಳಿಯುತ್ತದೆಯೋ ಅಳಿಯುತ್ತದೆಯೋ ಎಂಬುದು ನಮ್ಮ ಕೈಯಲ್ಲಿರುವುದಿಲ್ಲ. ಮಕ್ಕಳ ಫೋಟೊಗಳನ್ನಂತೂ ಅಲ್ಲಿಗೆ ಹಾಕಲೇಬೇಡಿ.

ಪ್ರಶ್ನೆ: ನಾನು ಪ್ರೌಢಶಾಲೆಯ ಕನ್ನಡ ಅಧ್ಯಾಪಕಿ. ಅಶೋಕನ ಕಾಲದ ಬ್ರಾಹ್ಮಿಯ ‘ಕ’ ಅಕ್ಷರ ಮೆಲ್ಲಮೆಲ್ಲನೆ ಇಂದಿನ ‘ಕ’ ಆಗುವುದನ್ನು ಮಕ್ಕಳಿಗೆ ಚಲನೆಯಲ್ಲಿ ತೋರಿಸಬೇಕು. ಫೋಟೊ ಮಾರ್ಫ್ ಮಾಡುವ ತಂತ್ರಾಂಶದಲ್ಲಿ ಅಕ್ಷರದ ಅಂಚುಗಳು ಮಸುಕಾಗುತ್ತವೆ.
(ಓದುಗರೊಬ್ಬರು, ರಾಯಚೂರು)

ಉತ್ತರ: ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ನನಗೆ ಬಹಳ ಹಿಡಿಸಿದ್ದು ಇದು. ಅಶೋಕನ ಹೆಸರನ್ನೇ ಹೊತ್ತ ಮಸ್ಕಿಯ ಶಾಸನ ನಿಮ್ಮ ಜಿಲ್ಲೆಯಲ್ಲಿಯೇ ಇದೆಯಲ್ಲ.

ಅಕ್ಷರಕ್ಕೆ ಬೇಕಾದದ್ದು ಬಣ್ಣದ ಬೆರಕೆಯಲ್ಲ, ಗೆರೆಯ ಚಲನೆ. ಅದಕ್ಕೆ ಇಂಕ್‌ಸ್ಕೇಪ್ ಎಂಬ ಉಚಿತ, ಮುಕ್ತ ತಂತ್ರಾಂಶವನ್ನು ಬಳಸಿ. ಬ್ರಾಹ್ಮಿಯ ‘ಕ’ ಕೂಡುವ ಲೆಕ್ಕದ ಗುರುತಿನಂತೆ ಒಂದು ನಿಂತ ಗೆರೆ, ಒಂದು ಅಡ್ಡಗೆರೆ. ಅದನ್ನೂ ಇಂದಿನ ‘ಕ’ವನ್ನೂ ಪಥಗಳಾಗಿ, ಅಂದರೆ ಬಿಂದುಗಳನ್ನು ಕೂಡಿಸುವ ಗೆರೆಗಳಾಗಿ ಬರೆದುಕೊಂಡು, ಎರಡನ್ನೂ ಆರಿಸಿ, ಎಕ್ಸ್‌ಟೆನ್ಷನ್ಸ್ ಪಟ್ಟಿಯಲ್ಲಿ ಪಥದಿಂದ ರಚಿಸುವ ವಿಭಾಗದಲ್ಲಿರುವ ಇಂಟರ್‌ಪೊಲೇಟ್ ಎಂಬುದನ್ನು ಒತ್ತಿದರೆ, ನೀವು ಹೇಳಿದಷ್ಟು ಹೆಜ್ಜೆಗಳ ನಡುವಿನ ಆಕೃತಿಗಳು ಮೂಡುತ್ತವೆ. ಮೊದಲ ಸಲ ಅವು ಗಂಟು ಹಾಕಿದ ದಾರದಂತೆ ಕಂಡರೆ ಗಾಬರಿ ಬೇಡ. ಒಂದು ಪಥ ಮೇಲಿನಿಂದಲೂ ಇನ್ನೊಂದು ಕೆಳಗಿನಿಂದಲೂ ಆರಂಭವಾಗಿದ್ದರೆ ಹಾಗಾಗುತ್ತದೆ. ಒಂದನ್ನು ಹಿಮ್ಮುಖಗೊಳಿಸಿದರೆ ಬಿಡಿಸಿಕೊಳ್ಳುತ್ತದೆ. ಎರಡರಲ್ಲಿಯೂ ಬಿಂದುಗಳ ಸಂಖ್ಯೆ ಒಂದೇ ಇರುವಂತೆ ನೋಡಿಕೊಂಡು, ಅಡ್ಡಗೆರೆಯನ್ನು ಬೇರೆ ಪಥವಾಗಿಯೇ ಇಟ್ಟುಕೊಳ್ಳಿ. ಬ್ರಾಹ್ಮಿಯ ಆ ಅಡ್ಡಗೆರೆಯೇ ಇಂದಿನ ‘ಕ’ದ ನಡುಗೆರೆಯಾಗಿ ಉಳಿದಿರುವುದನ್ನು ಮಕ್ಕಳು ಆಗ ಕಣ್ಣಾರೆ ಕಾಣುತ್ತಾರೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಎರಡು ತುದಿಗಳನ್ನಷ್ಟೇ ಕೊಟ್ಟರೆ ನಡುವೆ ಮೂಡುವ ಆಕೃತಿಗಳು ಯಾವ ಕಲ್ಲಿನ ಮೇಲೂ ಇಲ್ಲದವು. ತಲೆಕಟ್ಟು ಯಾವಾಗ ಬಂತು, ಕೆಳಗಿನ ಸುತ್ತು ಯಾವಾಗ ಮುಚ್ಚಿಕೊಂಡಿತು ಎಂಬುದು ಗಣಕಕ್ಕೆ ಗೊತ್ತಿಲ್ಲ. ಆದ್ದರಿಂದ ಕ್ರಿ.ಶ. ಸುಮಾರು 450ರ ಹಲ್ಮಿಡಿ ಶಾಸನದ ‘ಕ’, ಬಾದಾಮಿ ಚಾಲುಕ್ಯರ ಕಾಲದ ‘ಕ’, ರಾಷ್ಟ್ರಕೂಟ ಮತ್ತು ಹೊಯ್ಸಳ ಕಾಲಗಳ ‘ಕ’ ಇವುಗಳನ್ನು ಶಾಸನದ ಅಚ್ಚುಗಳನ್ನು ನೋಡಿ ಬರೆದುಕೊಂಡು, ನಡುವಿನ ನಿಲ್ದಾಣಗಳಾಗಿ ಸೇರಿಸಿ. ಶಾಸನದಿಂದ ಎತ್ತಿದ ರೂಪಗಳು ಕಪ್ಪು ಬಣ್ಣದಲ್ಲಿ ಎರಡು ಸೆಕೆಂಡು ನಿಂತು ಕೆಳಗೆ ಅದರ ಕಾಲ ಮೂಡಲಿ, ಗಣಕ ಹೆಣೆದ ನಡುವಿನ ರೂಪಗಳು ತಿಳಿ ಬೂದು ಬಣ್ಣದಲ್ಲಿ ಸರಿದುಹೋಗಲಿ.